ಮೊದಲ ಪುಟಕ್ಕೆ ಸಾಕ್ಷಿ

ಕೊಳ್ಳೇಗಾಲದಿಂದ ಆಚೆ, ಕಾವೇರಿ ಎರಡು ಸೀಳಾಗುವುದಕ್ಕೆ ಸ್ವಲ್ಪ ಮೊದಲು, ದಂಡೆಯ ಮೇಲೆ ಒಂದು ಹೆಂಚಿನ ಮನೆ ಇತ್ತು. ಅಲ್ಲಿ ರುಕ್ಮಾಂಗದ ಮೇಷ್ಟ್ರು ಇದ್ದರು.

ಅದನ್ನು ಯಾರೂ ಆಶ್ರಮ ಎಂದು ಕರೆಯಲಿಲ್ಲ. ಮೇಷ್ಟ್ರಿಗೆ ಗಡ್ಡವಿರಲಿಲ್ಲ, ಭಕ್ತರೂ ಇರಲಿಲ್ಲ. ಎರಡು ಸೂಕ್ಷ್ಮದರ್ಶಕ, ಒಂದು ಸೀಮೆಎಣ್ಣೆ ಸ್ಟವ್, ಗಾಜಿನ ತಟ್ಟೆಗಳನ್ನು ಬೇಯಿಸಲು ಒಂದು ದೊಡ್ಡ ಕುಕ್ಕರ್, ಒಂದು ನಶ್ಯದ ಡಬ್ಬಿ. ಇಷ್ಟೇ ಅವರ ಆಸ್ತಿ.

ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾಗಿದ್ದರು. ಎಲ್ಲ ಬಿಟ್ಟ ಮೇಲೂ ಅವರನ್ನು ಬಿಡದೆ ಉಳಿದದ್ದು ಒಂದೇ. ಲೋಳೆಬೂಷ್ಟು.

ಕಾಡಿನ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಆನೆಲದ್ದಿಯಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ಜೀವ ಅದು. ಹೆಸರಿನಲ್ಲಿ ಬೂಷ್ಟು ಇದೆ, ಆದರೆ ಬೂಷ್ಟಲ್ಲ. ಗಿಡವಲ್ಲ, ಪ್ರಾಣಿಯೂ ಅಲ್ಲ. ಹಾಗಾದರೆ ಏನು ಎಂದು ಯಾರಾದರೂ ಕೇಳಿದರೆ, ಅದು ಉಂಡಿದೆಯೋ ಹಸಿದಿದೆಯೋ ಮೊದಲು ನೋಡಿಕೊಂಡು ಬಾ ಎನ್ನುತ್ತಿದ್ದರು ಮೇಷ್ಟ್ರು.

ಈಗ ಆ ಮನೆ ಇಲ್ಲ. ಒಂದು ವರ್ಷ ಹೊಳೆ ಉಕ್ಕಿದಾಗ ಗೋಡೆ ಕುಸಿಯಿತು, ಉಳಿದ ಹೆಂಚುಗಳನ್ನು ಯಾರೋ ಗಾಡಿಗೆ ಹೇರಿಕೊಂಡು ಹೋದರು. ಆದರೆ ಅಲ್ಲಿ ಐದು ವರ್ಷ ಕಲಿತ ನೀಲಾಂಬಿಕೆ ಅವರಿಗೆ, ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ, ಇವತ್ತಿಗೂ ಅನ್ನ ನೆನಪಾಗುವುದಿಲ್ಲ. ಆ ಗಾಜಿನ ತಟ್ಟೆಗಳು ನೆನಪಾಗುತ್ತವೆ. ಈ ಕತೆ ಅವರದು. ನಮಗೆ ಹೇಳಿದವರೂ ಅವರೇ.

ಆಗ ಅವರು ಬರೀ ನೀಲ. ಇಪ್ಪತ್ತೆರಡರ ಹುಡುಗಿ.

ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯದ ಪತ್ರ ಹಿಡಿದು ಬಂದಿದ್ದಳು. ನಿವೃತ್ತಿಯ ನಂತರವೂ ಒಬ್ಬ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಲು ಮೇಷ್ಟ್ರಿಗೆ ಒಪ್ಪಿಗೆ ಸಿಕ್ಕಿತ್ತು. ಆ ಒಬ್ಬಳು ಇವಳು.

ಬಂದ ದಿನವೇ ನೀಲ ತನ್ನ ಸಂಶೋಧನೆಯ ವಿಷಯ ಯಾವುದೆಂದು ಕೇಳಿದಳು. ಮೇಷ್ಟ್ರು ಹಿತ್ತಲಿನ ಕಲ್ಲುತೊಟ್ಟಿ ತೋರಿಸಿದರು. ಅದರ ತುಂಬ ತೊಳೆಯದ ತಟ್ಟೆಗಳಿದ್ದವು.

ಒಂದು ತಿಂಗಳು ತೊಳೆದಳು. ಕಡಲಪಾಚಿಯಿಂದ ಮಾಡಿದ ಅಗರ್ ಪುಡಿಯನ್ನು ನೀರಿನಲ್ಲಿ ಕುದಿಸಿ ತಟ್ಟೆಗೆ ಹೊಯ್ಯುವುದನ್ನು ಕಲಿತಳು. ಅದು ಗಿಣ್ಣಿನ ಹಾಗೆ ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಬೆಳೆಸುವುದನ್ನು, ಅದರ ನಡುವೆ ಲೋಳೆಬೂಷ್ಟಿನ ಒಂದು ಚುಕ್ಕೆ ಇಡುವುದನ್ನು ಕಲಿತಳು. ಎಲ್ಲವೂ ಅಡುಗೆಮನೆಯ ಕೆಲಸದ ಹಾಗೇ ಕಂಡಿತು.

ತಿಂಗಳು ಕಳೆದ ಮೇಲೆ ಸಿಟ್ಟು ನುಂಗಿಕೊಂಡು ಮತ್ತೆ ಕೇಳಿದಳು. ಮೇಷ್ಟ್ರು ಒಂದು ತಟ್ಟೆ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು.

"ಇವು ಉಣ್ಣುತ್ತಿವೆ," ಎಂದರು. "ಊಟ ಮುಗಿದ ಮೇಲೆ ಏನು ಮಾಡುತ್ತವೆ ನೋಡು. ನೋಡಿ ಮುಗಿದಾಗ ನನ್ನ ಕರಿ."

ನೀಲ ಕಣ್ಣಿಟ್ಟು ಕುಳಿತಳು. ಸಾವಿರಾರು ಅಮೀಬಾಗಳು; ಉಣ್ಣುವಾಗ ಲೋಳೆಬೂಷ್ಟಿನ ರೂಪ ಇದು. ಒಂದಕ್ಕೊಂದು ಗುರುತೇ ಇಲ್ಲದ ಹಾಗೆ, ಪ್ರತಿಯೊಂದೂ ತನ್ನ ಪಾಡಿಗೆ ತಾನು ಬ್ಯಾಕ್ಟೀರಿಯಾ ಮೇಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೇವು ಮುಗಿಯಿತು. ಅವು ಸುಮ್ಮನಾದವು. ಸಂಜೆಯಾಗುತ್ತಿದ್ದಂತೆ ಅವುಗಳಲ್ಲಿ ಯಾವುದೋ ಒಂದು ಕರೆಯಿತು. ಕರೆ ಎಂದರೆ ಸದ್ದಲ್ಲ, ರಸಾಯನದ ಒಂದು ಸಣ್ಣ ಅಲೆ. ಪಕ್ಕದ್ದು ಅದನ್ನು ತಿಳಿದು ತನ್ನ ಪಕ್ಕದ್ದಕ್ಕೆ ದಾಟಿಸಿತು. ಆಮೇಲೆ ಎಲ್ಲವೂ ಸಾಲು ಹಿಡಿದು, ಹಳ್ಳಗಳು ಹೊಳೆಗೆ ಬಂದು ಸೇರುವ ಹಾಗೆ, ಒಂದೇ ಕಡೆಗೆ ಹರಿಯತೊಡಗಿದವು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅಲ್ಲಿ ಸಾವಿರಾರು ಇರಲಿಲ್ಲ, ಒಂದೇ ಇತ್ತು. ಅಲ್ಪವಿರಾಮದಷ್ಟು ಉದ್ದದ, ಹುಳುವಿನಂಥ ಒಂದು ಮೈ ಕಿಟಕಿಯ ಬೆಳಕಿನತ್ತ ತೆವಳುತ್ತಿತ್ತು.

ಹೊತ್ತೇರಿದಂತೆ ಅದು ನಿಂತಿತು, ಮುದುಡಿತು, ಮೇಲೆದ್ದಿತು. ಮುಂಭಾಗದಲ್ಲಿದ್ದ ಕೋಶಗಳು ಒಂದರ ಮೇಲೊಂದು ಸೇರಿ ದಂಟಾದವು. ದಂಟಾಗಿ ಸತ್ತವು. ಉಳಿದವು ಆ ದಂಟಿನ ತುದಿಗೆ ಏರಿ, ಒಂದು ಹನಿಯೊಳಗೆ ಬೀಜಾಣುಗಳಾಗಿ ಕುಳಿತವು. ಹರಿಯುವ ನೀರೋ ಒಂದು ಇರುವೆಯ ಕಾಲೋ ತಗುಲಿದರೆ ಸಾಕು, ಮೇವಿರುವ ಕಡೆಗೆ ಹೊರಟುಬಿಡುತ್ತವೆ.

ಐದು ಪಾಲಿನಲ್ಲಿ ಒಂದು ಪಾಲು ಸತ್ತಿತ್ತು. ನಾಲ್ಕು ಪಾಲನ್ನು ಎತ್ತಿ ಹಿಡಿದು ಸತ್ತಿತ್ತು.

ನೀಲ ಮೇಷ್ಟ್ರನ್ನು ಕರೆದಳು. ಅವರು ಬಂದು ತಟ್ಟೆ ನೋಡುವ ಮೊದಲು ಅವಳ ಮುಖ ನೋಡಿದರು. ಅವಳು ಅಳುತ್ತಿದ್ದಳು.

"ಇದು ತ್ಯಾಗ ಮೇಷ್ಟ್ರೇ," ಎಂದಳು.

"ಬರೆದುಕೋ," ಎಂದರು ಮೇಷ್ಟ್ರು. ಮೇಜಿನ ಖಾನೆ ಎಳೆದು ಹುಡುಕಿ ಏನೋ ಕೊಟ್ಟರು. "ಆ ಪದವನ್ನು ಮಾತ್ರ ಪೆನ್ಸಿಲಿನಲ್ಲಿ ಬರಿ."

ಯಾಕೆಂದು ಅವಳು ಕೇಳುವಷ್ಟರಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೊರಟಿದ್ದರು.

ಅವಳು ಅತ್ತದ್ದು ಯಾಕೆಂದು ಮೇಷ್ಟ್ರು ಕೇಳಲಿಲ್ಲ. ಅವಳೇ ಒಂದು ಸಂಜೆ, ಹೊಳೆಯ ಮೆಟ್ಟಿಲ ಮೇಲೆ ಕುಳಿತಾಗ, ಹೇಳಿದಳು.

ಅವಳಿಗೊಬ್ಬಳು ಅಕ್ಕ ಇದ್ದಳು. ಗಂಗಾಂಬಿಕೆ. ಒಂದು ವರ್ಷ ದೊಡ್ಡವಳು. ಅವರ ಹಳ್ಳಿಯಲ್ಲಿ ನಾಲ್ಕನೇ ತರಗತಿಯವರೆಗೆ ಮಾತ್ರ ಸ್ಕೂಲಿತ್ತು. ಮುಂದೆ ಓದಬೇಕಾದರೆ ಪಟ್ಟಣದ ಮಠ ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೋಗಬೇಕು. ಅಲ್ಲಿ ಮನೆಗೊಂದೇ ಸೀಟು.

ಗಂಗೆ ನಾಲ್ಕನೇ ತರಗತಿ ಮುಗಿಸಿ ಒಂದು ವರ್ಷ ಆ ಸೀಟಿಗಾಗಿ ಕಾದಿದ್ದಳು. ಸೀಟು ಬಂದ ವರ್ಷ ನೀಲಳದೂ ನಾಲ್ಕನೇ ತರಗತಿ ಮುಗಿದಿತ್ತು. ಹೋದವಳು ನೀಲ. ಗಂಗೆ ಹದಿಮೂರಕ್ಕೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದಳು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಹಿಡಿದು ರಾಟೆಗೆ ಕೊಡುವುದು. ಬೆಳಗಿನಿಂದ ಸಂಜೆಯವರೆಗೆ ಅದೇ.

ತನಗಾಗಿ ಅಕ್ಕ ಓದು ತ್ಯಾಗ ಮಾಡಿದಳು ಎಂದು ನೀಲ ಹಾಸ್ಟೆಲ್ಲಿನ ವಾರ್ಷಿಕೋತ್ಸವದಲ್ಲಿ ಹೇಳಿದ್ದಳು. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಿದ್ದಳು. ಸಂದರ್ಶನದಲ್ಲಿ ಕೂಡ ಹೇಳಿದ್ದಳು. ಹೇಳಿದಾಗಲೆಲ್ಲ ಕೇಳಿದವರ ಕಣ್ಣು ತುಂಬುತ್ತಿತ್ತು.

ಮೇಷ್ಟ್ರು ಪೂರ್ತಿ ಕೇಳಿದರು. ಮೀನುಗಾರರ ಎರಡು ಹರಿಗೋಲು ಎದುರು ದಂಡೆ ಸೇರುವವರೆಗೆ ನೋಡಿದರು. ಆಮೇಲೆ ತಮ್ಮದೊಂದು ಮಾತು ಹೇಳಿದರು. ಕಾಲೇಜಿನಲ್ಲಿ ಅವರೂ ವರ್ಷ ವರ್ಷ ಇದೇ ಪಾಠ ಮಾಡಿದ್ದರಂತೆ, ದಂಟಿನ ಕೋಶಗಳು ಉಳಿದವಕ್ಕಾಗಿ ಪ್ರಾಣ ತ್ಯಾಗ ಮಾಡುತ್ತವೆ ಎಂದು. ಒಂದು ವರ್ಷ ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ.

"ಆ ಚಪ್ಪಾಳೆ ಬಿದ್ದ ದಿನದಿಂದ ನನಗೆ ಅನುಮಾನ ಶುರುವಾಯಿತು," ಎಂದರು.

ಯಾವುದರ ಮೇಲೆ ಅನುಮಾನ ಎಂದು ಕೇಳಲು ನೀಲಳಿಗೆ ಧೈರ್ಯವಾಗಲಿಲ್ಲ.

ಅವಳ ಸಂಶೋಧನೆ ಹಾಗೆ ಶುರುವಾಯಿತು. ಸಾಯುವ ಆ ಐದನೇ ಪಾಲು ಯಾರು? ಹುಟ್ಟಿನಲ್ಲೇ ಅವುಗಳಿಗೊಂದು ಗುರುತು ಇರಬೇಕು, ವಂಶವಾಹಿಯಲ್ಲೇ ಬರೆದಿರಬೇಕು ಎಂದು ನೀಲ ನಂಬಿದ್ದಳು. ತ್ಯಾಗದ ವಂಶವಾಹಿಯನ್ನು ಹುಡುಕುತ್ತೇನೆ ಎಂದಳು. ಹುಡುಕು ಎಂದರು ಮೇಷ್ಟ್ರು.

ಎರಡು ವರ್ಷ ಹುಡುಕಿದಳು. ಅತಿನೇರಳೆ ದೀಪದ ಕೆಳಗಿಟ್ಟು ವಂಶವಾಹಿ ಕೆಡಿಸಿದರೆ ನೂರರಲ್ಲಿ ಒಂದೋ ಎರಡೋ ವಿಚಿತ್ರವಾಗಿ ಬೆಳೆಯುತ್ತಿದ್ದವು. ಕರೆದರೂ ಬಾರದ ತಳಿ ಸಿಕ್ಕಿತು. ಬಂದು ಗುಂಪುಗೂಡಿಯೂ ಮೇಲೇಳದ ತಳಿ ಸಿಕ್ಕಿತು. ಸಾಯುವವರೆಗೆ ತೆವಳುತ್ತಲೇ ಇದ್ದ ಒಂದು ತಳಿಗೆ ಮೇಷ್ಟ್ರು ತಮ್ಮ ಹಳೆಯ ಪ್ರಿನ್ಸಿಪಾಲರ ಹೆಸರಿಟ್ಟರು. ಹಾರ್ಲಿಕ್ಸ್ ಬಾಟಲಿಗಳಲ್ಲಿ ಒಂದೊಂದನ್ನೂ ಕಾಪಾಡಿದರು.

ಅವಳು ಹುಡುಕಿದ್ದು ಮಾತ್ರ ಸಿಗಲಿಲ್ಲ.

ಆ ವರ್ಷಗಳು ಕಷ್ಟದವು. ಬೇಸಿಗೆಯಲ್ಲಿ ಅಗರ್ ಒಣಗಿ ಬಿರುಕು ಬಿಡುತ್ತಿತ್ತು. ಕರೆಂಟು ಹೋದರೆ ದೀಪವಿಲ್ಲ, ಪ್ರಯೋಗವಿಲ್ಲ. ಆದರೂ ನೀಲಾಂಬಿಕೆ ಈಗ ಆ ದಿನಗಳನ್ನು ಹೇಳುವಾಗ ಕಷ್ಟದ ಮಾತು ಬರುವುದಿಲ್ಲ. ಮೇಷ್ಟ್ರು ಮಾಡುತ್ತಿದ್ದ ಹುರುಳಿ ಸಾರು ಬರುತ್ತದೆ. ನಶ್ಯ ಏರಿಸಿ ಸೀನಿದರೆ ತಟ್ಟೆಗೆ ಗಾಳಿ ತಾಗೀತೆಂದು ಅವರು ಅಂಗಳಕ್ಕೆ ಓಡುತ್ತಿದ್ದದ್ದು ಬರುತ್ತದೆ. ಗಂಗೆ ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದ ಚಟ್ನಿಪುಡಿಯ ಡಬ್ಬಿ ಬರುತ್ತದೆ.

ಮೂರನೆಯ ವರ್ಷ ಮೇಷ್ಟ್ರು ಒಂದು ಕೆಲಸ ಹೇಳಿದರು. ಒಂದೇ ಒಂದು ಬೀಜಾಣುವಿನಿಂದ ಸಂಸಾರ ಬೆಳೆಸು, ಆಮೇಲೆ ಉಪವಾಸ ಕೆಡವು.

ಒಂದು ಬೀಜಾಣು ಒಡೆದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರಾದವು. ಎಲ್ಲದರಲ್ಲೂ ಅದೇ ವಂಶವಾಹಿ, ಅಕ್ಷರಕ್ಕೆ ಅಕ್ಷರ ಒಂದೇ. ಹುಟ್ಟಿನ ಗುರುತು ಇರುವುದಾದರೆ ಎಲ್ಲವೂ ದಂಟಾಗಬೇಕು, ಇಲ್ಲವೇ ಒಂದೂ ಆಗಬಾರದು. ಹಾಗಾಗಲಿಲ್ಲ. ಮತ್ತೆ ಐದರಲ್ಲಿ ಒಂದು ಪಾಲು ದಂಟಾಯಿತು. ನಲವತ್ತು ಸಲ ಮಾಡಿದಳು. ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಿಮೆ, ಅಷ್ಟೇ.

ಹಾಗಾದರೆ ತ್ಯಾಗದ ಗುಣ ಎಲ್ಲದರಲ್ಲೂ ಇದೆ ಎಂದು ನೀಲ ವಾದ ಮಾಡಿದಳು.

ಮೇಷ್ಟ್ರು ತಮ್ಮ ನರೆತ ಹುಬ್ಬಿನಿಂದ ಒಂದು ಕೂದಲು ಕಿತ್ತು, ಬೆಂಕಿಕಡ್ಡಿಯ ತುದಿಗೆ ಅಂಟಿಸಿದರು. ಸೂಕ್ಷ್ಮದರ್ಶಕದ ಕೆಳಗೆ ತೆವಳುತ್ತಿದ್ದ ಮೈಯ ಮುಂಭಾಗವನ್ನು ಆ ಕೂದಲಿನಿಂದ ಕತ್ತರಿಸಿದರು. ಮುಂಭಾಗವೆಂದರೆ ಇನ್ನು ಕೆಲವೇ ಗಂಟೆಯಲ್ಲಿ ದಂಟಾಗಿ ಸಾಯಲಿದ್ದ ಕೋಶಗಳು. ಅವನ್ನು ಕೆದಕಿ ಬಿಡಿಬಿಡಿ ಮಾಡಿ, ಬ್ಯಾಕ್ಟೀರಿಯಾ ತುಂಬಿದ ಹೊಸ ತಟ್ಟೆಗೆ ಹಾಕಿದರು. ನಾಳೆ ಬಂದು ನೋಡು ಎಂದರು.

ಮರುದಿನ ನೀಲ ಬಹಳ ಹೊತ್ತು ನೋಡಿದಳು.

"ಇವು ಸಾಯಬೇಕಾಗಿದ್ದವು," ಎಂದಳು.

"ಹೌದು."

"ಉಣ್ಣುತ್ತಿವೆ. ಒಡೆದು ಎರಡೆರಡಾಗುತ್ತಿವೆ."

"ಮುಂದಿಟ್ಟರೆ ಯಾರು ಬೇಡ ಎನ್ನುತ್ತಾರೆ?" ಎಂದರು ಮೇಷ್ಟ್ರು.

ಆ ದಿನ ನೀಲ ತನ್ನ ಮೊದಲ ನೋಟುಬುಕ್ಕನ್ನು ಹುಡುಕಿ ತೆಗೆದು, ಪೆನ್ಸಿಲಿನಲ್ಲಿ ಬರೆದಿದ್ದ ಪದವನ್ನು ತಾನೇ ಅಳಿಸಿದಳು.

ಅಲ್ಲಿಂದ ಮುಂದೆ ಪ್ರಶ್ನೆ ಬದಲಾಯಿತು, ಉತ್ತರವೂ ಬೇಗ ಬಂತು. ಒಂದೇ ಬೀಜಾಣುವಿನ ಸಂಸಾರವನ್ನು ಎರಡು ಪಾಲು ಮಾಡಿದಳು. ಒಂದಕ್ಕೆ ಕುಂಕುಮದ ಬಣ್ಣದ ಬ್ಯಾಕ್ಟೀರಿಯಾ ಹೊಟ್ಟೆತುಂಬ, ಇನ್ನೊಂದಕ್ಕೆ ಬಿಳಿಯದು ಅರೆಹೊಟ್ಟೆ. ಆಮೇಲೆ ಎರಡನ್ನೂ ಬೆರೆಸಿ ಉಪವಾಸ ಕೆಡವಿದಳು. ಕೆಂಪು ಯಾವ ಕಡೆ ಹೋಯಿತು ಎಂದು ಕಣ್ಣಿಗೇ ಕಾಣುತ್ತಿತ್ತು. ಬಣ್ಣದ ದೋಷವಿರಬಹುದೆಂದು ಬಣ್ಣ ಅದಲುಬದಲು ಮಾಡಿಯೂ ನೋಡಿದಳು.

ಬಣ್ಣ ಯಾವುದೇ ಇರಲಿ, ಅರೆಹೊಟ್ಟೆಯವು ಹೆಚ್ಚಾಗಿ ದಂಟಿಗೆ ಹೋದವು. ಹೊಟ್ಟೆ ತುಂಬಿದವು ಹೆಚ್ಚಾಗಿ ಬೀಜಾಣುಗಳಾದವು.

ಕರೆಯುವುದು, ಸೇರುವುದು, ಏಳುವುದು ಎಲ್ಲಕ್ಕೂ ವಂಶವಾಹಿ ಬೇಕು. ಆದರೆ ಒಂದೇ ವಂಶವಾಹಿಯ ಇಬ್ಬರಲ್ಲಿ ಯಾರು ದಂಟು, ಯಾರು ಬೀಜ ಎನ್ನುವುದು ಬರ ಬಂದ ಗಳಿಗೆಯಲ್ಲಿ ಯಾರ ಹೊಟ್ಟೆ ಎಷ್ಟು ತುಂಬಿತ್ತು ಎನ್ನುವುದರ ಮೇಲೂ ಹೋಗುತ್ತದೆ. ನೀಲಳ ನೂರ ನಲವತ್ತು ಪುಟದ ಪ್ರಬಂಧದ ಸಾರ ಇಷ್ಟು.

ಪ್ರಬಂಧ ಕೊಳ್ಳೇಗಾಲದಲ್ಲಿ ಟೈಪಾಗಿ ಬಂತು. ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಮೈಸೂರಿನಲ್ಲಿ ಸಲ್ಲಿಸಬೇಕು. ತಪ್ಪಿದರೆ ನೋಂದಣಿ ರದ್ದಾಗಿ, ಐದು ವರ್ಷದ ಕೆಲಸ ಮತ್ತೆ ಮೊದಲಿನಿಂದ.

ಬುಧವಾರ ಅವಳು ಅದನ್ನು ಸಹಿಗಾಗಿ ಮೇಷ್ಟ್ರ ಕೈಗಿಟ್ಟಳು. ಪ್ರಬಂಧವೆಲ್ಲ ಇಂಗ್ಲಿಷಿನಲ್ಲಿತ್ತು. ಅರ್ಪಣೆಯ ಪುಟ ಮಾತ್ರ ಕನ್ನಡದಲ್ಲಿ, ಅವಳದೇ ಕೈಬರಹದಲ್ಲಿ, ಶಾಯಿಯಲ್ಲಿ. ಅಕ್ಕ ಓದಲಿ ಎಂದು.

'ನನಗಾಗಿ ತನ್ನ ಓದನ್ನು ತ್ಯಾಗ ಮಾಡಿದ ಅಕ್ಕ ಗಂಗಾಂಬಿಕೆಗೆ.'

ಮೇಷ್ಟ್ರು ಎರಡು ದಿನ ಓದಿದರು. ಗುರುವಾರ ಸಂಜೆ ಅವಳನ್ನು ಕರೆದು ಕೂರಿಸಿದರು. ಪೆನ್ನು ಕೈಯಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ.

"ಪ್ರತಿ ಪುಟಕ್ಕೂ ಸಾಕ್ಷಿ ಕೊಟ್ಟಿದ್ದೀಯ," ಎಂದರು. "ಮೊದಲ ಪುಟಕ್ಕೆ ಎಲ್ಲಿ?"

"ಅದು ಅರ್ಪಣೆ ಮೇಷ್ಟ್ರೇ. ಅದಕ್ಕೆ ಯಾರು ಸಾಕ್ಷಿ ಕೇಳುತ್ತಾರೆ?"

"ನಾನು ಕೇಳುತ್ತೇನೆ. ಸಹಿ ನನ್ನದು."

ನೀಲ ಐದು ವರ್ಷದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿದಳು. ನಿಮಗೆ ಅಕ್ಕತಂಗಿಯರಿಲ್ಲ, ಅದಕ್ಕೇ ನಿಮಗೆ ಎಲ್ಲರೂ ತಟ್ಟೆಯ ಮೇಲಿನ ಹುಳುಗಳ ಹಾಗೆ ಕಾಣುತ್ತಾರೆ ಎಂದಳು. ಆ ಮಾತು ಈಗಲೂ ತನ್ನನ್ನು ಚುಚ್ಚುತ್ತದೆ ಎನ್ನುತ್ತಾರೆ ನೀಲಾಂಬಿಕೆ. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಪ್ರಬಂಧವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಕೊಳ್ಳೇಗಾಲಕ್ಕೆ ಬೆಳಗಿನ ಬಸ್ಸು ಏಳಕ್ಕಿದೆ ಎಂದರು.

ಶುಕ್ರವಾರ ನೀಲ ಅಕ್ಕನ ಮನೆಗೆ ಹೋದಳು.

ಗಂಗೆಯ ಮನೆ ಕೊಳ್ಳೇಗಾಲದ ಕೊನೆಯ ಬೀದಿಯಲ್ಲಿತ್ತು. ಗಂಡ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ಅವಳು ಪಾಳಿ ಮುಗಿಸಿ ಆಗಷ್ಟೇ ಬಂದು, ಹೊಸಿಲ ಮೇಲೆ ಕುಳಿತು, ಬಿಸಿನೀರಿಗೆ ಬೆಂದು ಬೆಳ್ಳಗಾಗಿದ್ದ ಬೆರಳುಗಳಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು.

ನೀಲ ಪಕ್ಕದಲ್ಲಿ ಕುಳಿತಳು. ಹೇಗೆ ಕೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಹಾಸ್ಟೆಲ್ ಸೀಟು ಬಂದ ವರ್ಷ ನೀನೇ ಅಲ್ಲವೇ ಅದನ್ನು ನನಗೆ ಬಿಟ್ಟುಕೊಟ್ಟದ್ದು ಎಂದು ನೇರವಾಗಿ ಕೇಳಿಬಿಟ್ಟಳು.

ಗಂಗೆ ಐದು ಬೆರಳಿಗೂ ಎಣ್ಣೆ ಸವರಿ ಮುಗಿಸಿದಳು.

"ಯಾರು ನನ್ನ ಕೇಳಿದ್ರು, ನೀಲಾ?" ಎಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಆ ವರ್ಷ ಅವಳಿಗೆ ಕಾಮಾಲೆಯಾಗಿತ್ತು. ಹಾಸ್ಟೆಲ್ಲಿನ ವಾರ್ಡನ್ ಮಕ್ಕಳನ್ನು ನೋಡಿ ಆರಿಸಿಕೊಳ್ಳಲು ಊರಿಗೆ ಬಂದ ದಿನ ಅವಳು ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು, ಉಗುರು ಎಲ್ಲ ಹಳದಿ. ಎದ್ದು ಬರುತ್ತೇನೆ ಎಂದಳು, ಅವ್ವ ಬಾಗಿಲು ಎಳೆದುಕೊಂಡಳು. ಕಾಯಿಲೆಯ ಮಗು ಇದೆ ಎಂದು ತಿಳಿದರೆ ಸೀಟೇ ತಪ್ಪೀತು ಎಂಬ ಭಯ ಅವ್ವನಿಗೆ. ತಲೆ ಬಾಚಿ, ಹೂ ಮುಡಿಸಿ ನೀಲಳನ್ನು ಮುಂದೆ ನಿಲ್ಲಿಸಿದರು. ಗುಂಡುಗುಂಡಗೆ ಇದೆ ಮಗು, ಇದೇ ಇರಲಿ ಎಂದಿತು ವಾರ್ಡನ್ನಿನ ದನಿ. ಗಂಗೆಗೆ ಗೋಡೆಯಾಚೆಯಿಂದ ಕೇಳಿಸಿತು.

ಒಂದು ತಿಂಗಳು ಅತ್ತಳಂತೆ. ಆಮೇಲೆ ನೀಲ ರಜೆಗೆ ಬಂದಾಗ ಅವಳ ಪುಸ್ತಕಗಳನ್ನು, ಅವಳು ಆಡಲು ಹೋದ ಮೇಲೆ, ತೆಗೆದು ಓದುತ್ತಿದ್ದಳಂತೆ. ಆರನೇ ತರಗತಿಯ ವಿಜ್ಞಾನದವರೆಗೆ ಅರ್ಥವಾಗುತ್ತಿತ್ತು, ಏಳನೆಯದು ಆಗಲಿಲ್ಲ.

ಮತ್ತೆ ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ನೀಲ ಕೇಳಿದಳು.

"ನೀನು ಸ್ಟೇಜಿನ ಮೇಲೆ ನಿಂತು ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದ್ರು. ಇಲ್ಲ ಅಂತ ಹೆಂಗೆ ಹೇಳ್ಲಿ?" ಗಂಗೆ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ತ್ಯಾಗ ಅಂದ್ರೆ ಅದಕ್ಕೊಂದು ಮರ್ಯಾದೆ ಕಣವ್ವ. ಕಾಮಾಲೆ ಅಂದ್ರೆ ಬರೀ ಕಾಮಾಲೆ."

ನೀಲ ಮಂಡಿಗೆ ತಲೆ ಕೊಟ್ಟು ಕುಳಿತುಬಿಟ್ಟಳು. ಗಂಗೆ ಒಳಗೆ ಹೋಗಿ ಕಾಫಿ ಕಾಸಿ ತಂದಳು. ತಾನೊಂದು ಗುಟುಕು ಕುಡಿದು, ಇನ್ನೊಂದು ವಿಷಯ ಇದೆ ಎಂದಳು.

ನೀಲ ಪಿಯುಸಿಗೆ ಸೇರಬೇಕಾಗಿದ್ದ ವರ್ಷ ಅಪ್ಪ ಅವಳಿಗೆ ಗಂಡು ಗೊತ್ತುಮಾಡಿದ್ದರು. ಮಾತುಕತೆಯೂ ಮುಗಿದಿತ್ತು. ಆಗ ಗಂಗೆ ಅಪ್ಪನ ಎದುರು ನಿಂತಳು. ನಾನು ಎರಡು ಪಾಳಿ ದುಡಿಯುತ್ತೇನೆ, ಮನೆ ನಾನು ನೋಡಿಕೊಳ್ಳುತ್ತೇನೆ, ಅವಳ ತಂಟೆಗೆ ಹೋಗಬೇಡಿ ಎಂದಳು. ಮೂರು ವರ್ಷ ಎರಡು ಪಾಳಿ ಮಾಡಿದಳು. ಮಾತು ಮುರಿದದ್ದು ನೀಲಳಿಗೆ ತಿಳಿಯಬಾರದು ಎಂದು ಅಪ್ಪನಿಂದ ಭಾಷೆ ತೆಗೆದುಕೊಂಡಳು. ತಿಳಿದರೆ ಹುಡುಗಿಗೆ ಓದು ತಲೆಗೆ ಹತ್ತುವುದಿಲ್ಲ ಎಂದು.

"ಅದು ನಾನಾಗೇ ಮಾಡಿದ್ದು," ಎಂದಳು ಗಂಗೆ. "ಯಾರೂ ಹೇಳಿಕೊಟ್ಟಿದ್ದಲ್ಲ. ಅದನ್ನ ನೀನು ಎಲ್ಲೂ ಹೇಳ್ಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ನೀನು ಕೇಳಿರ್ಲಿಲ್ಲ."

ಅಕ್ಕತಂಗಿ ಆ ಸಂಜೆ ಒಟ್ಟಿಗೆ ಅಡುಗೆ ಮಾಡಿದರು. ನೀಲ ರೊಟ್ಟಿ ತಟ್ಟಿದಳು, ಗಂಗೆ ಬೇಯಿಸಿದಳು. ಎಷ್ಟೋ ವರ್ಷದ ಮೇಲೆ ಒಂದೇ ಚಾಪೆಯ ಮೇಲೆ ಮಲಗಿದರು.

ಶನಿವಾರ ಬೆಳಿಗ್ಗೆ ನೀಲ ಹೊರಟಾಗ ಗಂಗೆಯೂ ಸೀರೆ ಬದಲಿಸಿ ನಿಂತಿದ್ದಳು. ಅವಳು ಕೆಲಸಕ್ಕೆ ತಾನಾಗಿ ರಜೆ ಹಾಕಿದ್ದು ಅದೇ ಮೊದಲು. ಹದಿನೆಂಟು ವರ್ಷ ಆದ ಮೇಲೆ ನನ್ನ ತಂಗಿಯ ಬಾಯಲ್ಲಿ ಈ ಪ್ರಶ್ನೆ ಹೊರಡಿಸಿದ್ದು ಅದೆಂಥ ಹುಳ, ನಾನು ನೋಡಬೇಕು ಎಂದಳು.

ಎಂಟೂವರೆಗೆ ಇಬ್ಬರೂ ಹೊಳೆಯ ಮನೆ ತಲುಪಿದರು. ಮೇಷ್ಟ್ರು ಬಾಗಿಲಿಗೆ ಬಂದರು. ಬನ್ನಿ ತಾಯಿ ಎಂದು ಗಂಗೆಯನ್ನು ಒಳಗೆ ಕರೆದು, ಸೂಕ್ಷ್ಮದರ್ಶಕದ ಮುಂದಿನ ಸ್ಟೂಲನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟರು.

ಗಂಗೆಗೆ ಮೊದಲು ತನ್ನದೇ ರೆಪ್ಪೆಗೂದಲು ಕಂಡಿತು. ಆಮೇಲೆ ಏನೋ ಮಂಜು. ಮೇಷ್ಟ್ರು ತಿರುಪು ತಿರುಗಿಸಿದರು. ಗಂಗೆಯ ಬೆನ್ನು ನೆಟ್ಟಗಾಯಿತು, ಮತ್ತೆ ಬಾಗಿತು.

ನೀಲ ಗೂಡಿನಿಂದ ಪ್ರಬಂಧ ತೆಗೆದು, ಕಿಟಕಿಯ ಕಟ್ಟೆಯ ಮೇಲೆ ಕುಳಿತು, ಹೊಸ ಹಾಳೆಯ ಮೇಲೆ ಬರೆದಳು. ಇತ್ತ ಮೇಷ್ಟ್ರು ಗಂಗೆಯ ಕೈಗೆ ಒಂದು ಸೂಜಿ ಕೊಟ್ಟರು. ದಂಟು ಮುರಿಯದ ಹಾಗೆ ತುದಿಯ ಹನಿಯನ್ನು ಮಾತ್ರ ಎತ್ತಿ ಕೊಡಿ ಎಂದರು. ಆ ಕೆಲಸ ಕೈಗೆ ಕೂರಲು ನೀಲಳಿಗೆ ಒಂದು ವರ್ಷ ಹಿಡಿದಿತ್ತು. ಕುದಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ದಿನಕ್ಕೆ ಸಾವಿರ ಸಲ ಹಿಡಿಯುವ ಬೆರಳುಗಳು ಮೊದಲ ಸಲಕ್ಕೇ ಎತ್ತಿದವು. ದಂಟು ಅಲುಗಲೂ ಇಲ್ಲ. ಮೇಷ್ಟ್ರು ಚಿಟಿಕೆ ನಶ್ಯ ಹಿಡಿದ ಕೈಯನ್ನು ಮೂಗಿನವರೆಗೆ ತಂದು ಅಲ್ಲೇ ನಿಲ್ಲಿಸಿದ್ದರು.

"ದಂಟಿನಲ್ಲಿರುವವಕ್ಕೆ ಗೊತ್ತಿರ್ತದಾ ಸ್ವಾಮಿ, ತಾವು ಸಾಯ್ತೀವಿ ಅಂತ?" ಎಂದು ಗಂಗೆ ಕಣ್ಣು ತೆಗೆಯದೆ ಕೇಳಿದಳು.

"ನನಗೆ ಗೊತ್ತಿಲ್ಲ ತಾಯಿ," ಎಂದರು ಮೇಷ್ಟ್ರು. "ನೀವು ನೋಡಿ ಹೇಳಿ."

ನೀಲ ಬರೆದ ಹಾಳೆಯನ್ನು ಅವರ ಮುಂದಿಟ್ಟಳು.

'ಅಕ್ಕ ಗಂಗಾಂಬಿಕೆಗೆ. ನನಗೆ ಹಾಸ್ಟೆಲ್ ಸೀಟು ಸಿಕ್ಕ ವರ್ಷ ಅವಳಿಗೆ ಕಾಮಾಲೆಯಾಗಿತ್ತು. ನಾನು ಪಿಯುಸಿಗೆ ಸೇರಿದ ವರ್ಷದಿಂದ ಮೂರು ವರ್ಷ ಅವಳು ಎರಡು ಪಾಳಿ ದುಡಿದಳು. ಮೊದಲನೆಯದು ಅವಳು ಕೊಟ್ಟದ್ದಲ್ಲ. ಎರಡನೆಯದು ಕೊಟ್ಟದ್ದು.'

ಮೇಷ್ಟ್ರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಗಂಗಾಂಬಿಕೆ ಆಮೇಲೆ ಒಂಬತ್ತು ವರ್ಷ, ಪ್ರತಿ ಭಾನುವಾರ, ಆ ಮನೆಗೆ ಬಂದಳು. ಮೇಷ್ಟ್ರ ಕೈ ನಡುಗಲು ಶುರುವಾದ ಮೇಲೆ ತಳಿಗಳನ್ನು ಕಾಪಾಡಿದವಳು ಅವಳೇ. ಮೇಷ್ಟ್ರು ಹೋದರು. ಅವರ ಹಿಂದೆ ಮನೆಯೂ ಹೋಯಿತು. ಕಳೆದ ವರ್ಷ ಗಂಗಾಂಬಿಕೆಯೂ ಹೋದರು. ಆ ತಳಿಗಳು ಮಾತ್ರ ಒಂದು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಇನ್ನೂ ಇವೆ, ಬಾಟಲಿಗಳ ಮೇಲೆ ನಾಲ್ಕನೇ ತರಗತಿಯವಳ ದುಂಡು ಅಕ್ಷರ.

ನೀಲಾಂಬಿಕೆ ಅವರಿಗೆ ಪದವಿ ಕೈಗೆ ಬಂದ ದಿನ ಈಗ ಸರಿಯಾಗಿ ನೆನಪಿಲ್ಲ. ಆ ಶನಿವಾರದ ಬೆಳಿಗ್ಗೆ ಮಾತ್ರ ನೆನಪಿದೆ. ಹೊಳೆಯ ಮೇಲಿನ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ಮೈಸೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು.

ನೀಲ ಪ್ರಬಂಧವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಅಕ್ಕನೂ ತನ್ನ ಜೊತೆ ಮೈಸೂರಿಗೆ ಬರಲಿ, ಸಲ್ಲಿಸುವಾಗ ಪಕ್ಕದಲ್ಲಿರಲಿ ಎಂದು ಅವಳಿಗೆ ಆಸೆ. ಕರೆದಳು. ಗಂಗೆ ತಿರುಗಲಿಲ್ಲ. ಬಸ್ಸು ಮತ್ತೆ ಹಾರ್ನ್ ಮಾಡಿತು. ಅವಳು ಇನ್ನೊಮ್ಮೆ ಕರೆಯಲು ಬಾಯಿ ತೆರೆದಾಗ ಮೇಷ್ಟ್ರು ಕೈ ಎತ್ತಿ ತಡೆದರು.

"ನೀನು ಹೊರಡು," ಎಂದರು. "ನಿಮ್ಮಕ್ಕ ಇನ್ನೂ ನೋಡಿ ಮುಗಿಸಿಲ್ಲ."